ಬೆಂಚು ಕಾದವನ ಕಣ್ಣು

ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡುತ್ತ ಕೂತರೆ ನನ್ನ ಕಣ್ಣು ಚೆಂಡಿನ ಹಿಂದೆ ಓಡುವುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಅದು ಬೆಂಚಿನ ಕಡೆ ಹೊರಳುತ್ತದೆ. ಅಲ್ಲಿ ಏಳೆಂಟು ಜನ ಕೂತಿರುತ್ತಾರೆ. ಹೆಗಲ ಮೇಲೆ ಟವೆಲ್ಲು, ಮೊಣಕಾಲಿನ ಮೇಲೆ ಮೊಣಕೈ. ಕೋಚ್ ತಿರುಗಿ ನೋಡಿ ಬೆರಳಾಡಿಸಿದರೆ ಅವರಲ್ಲೊಬ್ಬ ಮೈಮೇಲಿನ ಬೆಚ್ಚನೆಯ ಅಂಗಿ ಕಳಚಿ ಎಸೆದು, ಓಡಿಹೋಗಿ ಸ್ಕೋರರ್ ಮೇಜಿನ ಮುಂದೆ ಮಂಡಿಯೂರುತ್ತಾನೆ. ಗಂಟೆಗಟ್ಟಲೆ ಕೂತು ತಣ್ಣಗಾದ ಮೈ, ಚೆಂಡು ಮುಟ್ಟದ ಕೈ. ಇನ್ನರ್ಧ ನಿಮಿಷದಲ್ಲಿ ಅದೇ ಕೈಗೆ ಚೆಂಡು ಬಂದು ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿಯಬಹುದು. ಬಾರದೆಯೂ ಇರಬಹುದು, ಒಂದು ಸಲವೂ ಚೆಂಡು ಮುಟ್ಟದೆ ಮತ್ತೆ ಬಂದು ಕೂರಬೇಕಾಗಬಹುದು. ದಿನವೂ ಮಿಂಚುವ ಆಟಗಾರರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತಾಡಬೇಕು ಅನ್ನಿಸುವುದು ಹೀಗೆ ಕೂತು ಕಾಯುವವನ ಬಗ್ಗೆ.

ಅದರಲ್ಲೂ ಸ್ಟೀವ್ ಕೆರ್ ಬಗ್ಗೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಅವನು 15 ಸೀಸನ್ ಆಡಿದ. ಲೀಗ್ ಹಂತದಲ್ಲಿ ಆಡಿದ ಪಂದ್ಯ 910. ಅದರಲ್ಲಿ ಮೊದಲ ಐವರಲ್ಲಿ ಒಬ್ಬನಾಗಿ ಅಂಗಳಕ್ಕೆ ಇಳಿದದ್ದು 30 ಸಲ ಮಾತ್ರ. ಮಿಕ್ಕ 880 ಪಂದ್ಯಗಳಲ್ಲಿ ಬೇರೆಯವರು ಆಟ ಶುರು ಮಾಡಿದರು, ಇವನು ಕೂತು ನೋಡಿದ. ಹೀಗೆ ನೋಡಿದವನ ಕೈಯಲ್ಲಿ ಆಟಗಾರನಾಗಿ ಐದು ಚಾಂಪಿಯನ್‌ಶಿಪ್ ಉಂಗುರಗಳಿವೆ, ಕೋಚ್ ಆಗಿ ಇನ್ನೂ ನಾಲ್ಕು. ಈ ನಾಲ್ಕಕ್ಕೆ ಆ 880 ಪಂದ್ಯಗಳೇ ಮೂಲ ಎಂದು ನಾನು ನಂಬಿದ್ದೇನೆ.

ಮಹಾ ಆಟಗಾರರು ಮಹಾ ಕೋಚ್ ಆಗುತ್ತಾರೆಂದು ನಾವು ಸುಮ್ಮನೆ ಅಂದುಕೊಳ್ಳುತ್ತೇವೆ. ಮ್ಯಾಜಿಕ್ ಜಾನ್ಸನ್‌ಗಿಂತ ದೊಡ್ಡ ಆಟಗಾರ ಬೇಕೆ? 1994ರಲ್ಲಿ ಅವನು ತನ್ನದೇ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೋಚ್ ಆದ. 16 ಪಂದ್ಯ ನಡೆಸಿ, ಐದು ಗೆದ್ದು, 11 ಸೋತು, ಸಾಕಪ್ಪಾ ಎಂದು ಬಿಟ್ಟ. ತನಗೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದ ಪಾಸು ಈ ಹುಡುಗರಿಗೆ ಕಣ್ಣು ತೆರೆದರೂ ಕಾಣುವುದಿಲ್ಲವಲ್ಲ ಎಂಬ ಅಸಹನೆಯನ್ನು ಯಾರಿಗೆ ಹೇಳಿಕೊಳ್ಳುವುದು? ಹಾಗೆಂದು ಇದನ್ನೇ ನಿಯಮ ಮಾಡಲಾರೆ. ಬಿಲ್ ರಸೆಲ್ ಆಟಗಾರನೂ ಕೋಚೂ ಆಗಿದ್ದುಕೊಂಡೇ ಬಾಸ್ಟನ್‌ಗೆ 1968, 69ರ ಪಟ್ಟ ಗೆದ್ದುಕೊಟ್ಟ. ಲ್ಯಾರಿ ಬರ್ಡ್ ಇಂಡಿಯಾನಾ ತಂಡವನ್ನು 2000ದ ಫೈನಲ್‌ವರೆಗೆ ಒಯ್ದ. ಆದರೂ ಹೆಚ್ಚು ಗೆದ್ದ ಕೋಚುಗಳನ್ನು ಒಮ್ಮೆ ನೆನೆಯಿರಿ. ಪ್ಯಾಟ್ ರೈಲಿ 1972ರ ಲೇಕರ್ಸ್‌ನಲ್ಲಿ ಬೆಂಚಿನ ಆಟಗಾರ. ಕೋಚ್ ಆಗಿ 11 ಪಟ್ಟ ಗೆದ್ದ ಫಿಲ್ ಜಾಕ್ಸನ್ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಬೆಂಚಿನ ಆಟಗಾರ. ಈ ಜಾಕ್ಸನ್ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಿಂದಾಗಿ 1969-70ರ ಇಡೀ ಸೀಸನ್ ಆಡಲಿಲ್ಲ. ಆ ವರ್ಷವೇ ನಿಕ್ಸ್ ಚಾಂಪಿಯನ್ ಆಯಿತು, ಇವನು ಕ್ಯಾಮೆರಾ ಹಿಡಿದು ಪಕ್ಕದಲ್ಲಿ ನಿಂತು ಫೋಟೋ ತೆಗೆದ. ಆಡದ ಆ ವರ್ಷ ಅವನಿಗೆ ಏನೇನು ಕಲಿಸಿತೋ, ಮುಂದೆ ಅವನು ನಡೆಸಿದ ಶಿಕಾಗೋ ಬುಲ್ಸ್ ತಂಡದಲ್ಲಿ ಕೂತು ಕಲಿತ ಶಿಷ್ಯನೇ ನಮ್ಮ ಕೆರ್.

ಕೆರ್‌ನ ಮನೆತನದ ಕಥೆ ಶುರುವಾಗುವುದು ಬ್ಯಾಸ್ಕೆಟ್‌ಬಾಲಿನಿಂದ ಬಲು ದೂರದಲ್ಲಿ. ಅಜ್ಜ ಸ್ಟ್ಯಾನ್ಲಿ ಕೆರ್ ಮೊದಲ ಮಹಾಯುದ್ಧ ಮುಗಿದ ಮೇಲೆ ತುರ್ಕಿಯ ಮರಾಶ್ ಊರಿನಲ್ಲಿ, ನರಮೇಧದಿಂದ ಬದುಕುಳಿದ ಆರ್ಮೇನಿಯನ್ನರ ನೆರವಿಗೆ ನಿಂತವರು. ಆಮೇಲೆ ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದರು. ಮಗ ಮಾಲ್ಕಮ್ ಹುಟ್ಟಿದ್ದು ಬೇರೂತಿನಲ್ಲೇ, 1931ರಲ್ಲಿ. ಅವರು ಅರಬ್ ರಾಜಕಾರಣದ ದೊಡ್ಡ ವಿದ್ವಾಂಸರಾದರು, ಲಾಸ್ ಏಂಜಲೀಸಿನಲ್ಲಿ ಪ್ರಾಧ್ಯಾಪಕರಾದರು. ಸ್ಟೀವ್ ಹುಟ್ಟಿದ್ದೂ ಬೇರೂತಿನಲ್ಲಿ, 1965ರಲ್ಲಿ. ಬಾಲ್ಯದ ಬಹುಭಾಗ ಕ್ಯಾಲಿಫೋರ್ನಿಯಾದಲ್ಲಿ ಕಳೆಯಿತು, ನಡುವೆ ಕೆಲವು ವರ್ಷ ಕೈರೋದಲ್ಲಿ. ಹುಡುಗನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೋತರೆ ಅಳು, ರಂಪ. ಅಪ್ಪ ಅಲ್ಲೇ ಕೂತು ನೋಡುತ್ತಿದ್ದರೂ ಎಲ್ಲರೆದುರು ಗದರುತ್ತಿರಲಿಲ್ಲವಂತೆ. ಮನೆಗೆ ಬಂದು, ಮಗ ತಣ್ಣಗಾಗುವವರೆಗೂ ಕಾದು, ಆಮೇಲೆ ಮೆಲ್ಲಗೆ ಮಾತಾಡಿಸುತ್ತಿದ್ದರಂತೆ. ಕೆರ್ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಕೋಚ್ ಆಗುವುದನ್ನು ಅವನು ಮೊದಲು ಕಲಿತದ್ದು ಅಲ್ಲೇ ಇರಬೇಕು.

1982ರಲ್ಲಿ ಮಾಲ್ಕಮ್ ಕೆರ್ ಬೇರೂತಿನ ಆ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷರಾದರು. ಲೆಬನಾನ್ ಹೊತ್ತಿ ಉರಿಯುತ್ತಿದ್ದ ಕಾಲ. ಅವರಿಗಿಂತ ಮೊದಲು ಆ ಹೊಣೆ ಹೊತ್ತಿದ್ದವರನ್ನು ಹಾಡಹಗಲೇ ಅಪಹರಿಸಿದ್ದರು. ಗೊತ್ತಿದ್ದೇ ಹೋದರು, ಹುಟ್ಟಿದ ಊರಿನ ಕರೆ ಅದು. 1983ರ ಬೇಸಿಗೆ ರಜೆಗೆ ಮಗ ಬಂದ. ವಾಪಸ್ ಹೊರಡುವ ಹೊತ್ತಿಗೆ ವಿಮಾನ ನಿಲ್ದಾಣದ ಮೇಲೆ ಶೆಲ್ ಬೀಳುತ್ತಿದ್ದವು. ಬೆಟ್ಟದ ದಾರಿಯಲ್ಲಿ ಕಾರಿನಲ್ಲಿ ಡಮಾಸ್ಕಸ್‌ಗೆ, ಅಲ್ಲಿಂದ ಜೋರ್ಡಾನ್‌ಗೆ ಹೋಗಿ ವಿಮಾನ ಹಿಡಿದು ಅರಿಜೋನಾ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡ. ಕೊನೆಯ ಗಳಿಗೆಯಲ್ಲಿ ಸಿಕ್ಕ ವಿದ್ಯಾರ್ಥಿವೇತನ ಅದು. ಕಾಲಲ್ಲಿ ವೇಗವಿಲ್ಲ, ಎತ್ತರ ಹಾರಲಾರ, ಮೈಯಲ್ಲಿ ತೂಕವಿಲ್ಲ ಎಂದು ಬೇರೆ ಕಾಲೇಜುಗಳು ಅವನತ್ತ ಅಷ್ಟಾಗಿ ನೋಡಿರಲಿಲ್ಲ.

1984ರ ಜನವರಿ 18ರಂದು ಮಾಲ್ಕಮ್ ಕೆರ್ ಅವರನ್ನು ಅವರ ಕಚೇರಿಯ ಬಾಗಿಲಲ್ಲೇ ಬಂದೂಕುಧಾರಿಗಳು ಗುಂಡಿಟ್ಟು ಕೊಂದರು. ಹಾಸ್ಟೆಲಿನಲ್ಲಿ ಮಲಗಿದ್ದ 18 ವರ್ಷದ ಹುಡುಗನಿಗೆ ಮಧ್ಯರಾತ್ರಿ ಫೋನಿನಲ್ಲಿ ಸುದ್ದಿ ಬಂತು. ಎರಡು ದಿನ ಕಳೆದು ಅರಿಜೋನಾ ಸ್ಟೇಟ್ ವಿರುದ್ಧ ಪಂದ್ಯವಿತ್ತು. ಮೌನಾಚರಣೆಯ ಹೊತ್ತಿನಲ್ಲಿ ಅತ್ತ. ಆಮೇಲೆ ಬೆಂಚಿನಿಂದ ಎದ್ದುಹೋಗಿ, ಕೈಗೆ ಬಂದ ಮೊದಲ ಚೆಂಡನ್ನೇ ಬುಟ್ಟಿಗೆ ಹಾಕಿದ. ಇಂಥ ಕಥೆಗಳನ್ನು ದುಃಖ ಗೆದ್ದ ಸಾಹಸಗಾಥೆಯಾಗಿ ಹೇಳುವ ರೂಢಿ ನಮ್ಮಲ್ಲೂ ಇದೆ, ಅಮೆರಿಕದಲ್ಲೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಬೇರೆಲ್ಲಿ ಹೋಗುವುದು, ಏನು ಮಾಡುವುದು ಗೊತ್ತಾಗದ ಹುಡುಗನೊಬ್ಬ ತನಗೆ ಗೊತ್ತಿದ್ದ ಒಂದೇ ಜಾಗಕ್ಕೆ ಹೋದ, ಅಷ್ಟೆ.

ನಾಲ್ಕು ವರ್ಷದ ಮೇಲೆ, 1988ರಲ್ಲಿ, ಅದೇ ಅರಿಜೋನಾ ಸ್ಟೇಟ್‌ನ ಅಂಗಳದಲ್ಲಿ ಪಂದ್ಯಕ್ಕೆ ಮುಂಚೆ ಅಭ್ಯಾಸ ಮಾಡುತ್ತಿದ್ದಾಗ ಗ್ಯಾಲರಿಯಲ್ಲಿ ಕೆಲವರು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಹೆಸರು ಹಿಡಿದು ಪಿಎಲ್ಒ, ಪಿಎಲ್ಒ ಎಂದು ಕೂಗತೊಡಗಿದರು. ನಿನ್ನ ಅಪ್ಪ ಎಲ್ಲಿ ಎಂದೂ ಕೂಗಿದರು. ಕೆರ್ ಕೈಯಲ್ಲಿದ್ದ ಚೆಂಡು ಬಿಟ್ಟು ನಡುಗುತ್ತ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ. ಆಟ ಶುರುವಾದ ಮೇಲೆ ಮೊದಲರ್ಧದಲ್ಲೇ ಆರು ತ್ರೀ-ಪಾಯಿಂಟರ್ ಹೊಡೆದ. ಆಮೇಲೆ ಆ ವಿಶ್ವವಿದ್ಯಾಲಯದಿಂದ ಕ್ಷಮೆ ಕೋರಿ ಪತ್ರ ಬಂತು. ಪತ್ರ ಬರಲೇಬೇಕಿತ್ತು. ಆದರೆ ಮೈ ನಡುಗುತ್ತಿದ್ದವನ ಕೈ ಅಷ್ಟು ಸ್ಥಿರವಾಗಿದ್ದದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಬೆರಗು.

ಈ ಕೈಯ ವಿಚಾರ ಸ್ವಲ್ಪ ಹೇಳಬೇಕು. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಬುಟ್ಟಿಯಿಂದ 23 ಅಡಿ 9 ಅಂಗುಲ ದೂರ, ಮೂಲೆಗಳಲ್ಲಿ 22 ಅಡಿ. ಅಷ್ಟು ದೂರದಿಂದ ನೂರಕ್ಕೆ 40 ಬುಟ್ಟಿಗೆ ಬಿದ್ದರೆ ಬಲು ಒಳ್ಳೆಯ ಹೊಡೆತಗಾರ ಎನ್ನುತ್ತಾರೆ. ಕೆರ್‌ನದು ವೃತ್ತಿಜೀವನದುದ್ದಕ್ಕೂ 45.4, ಎನ್‌ಬಿಎ ಚರಿತ್ರೆಯಲ್ಲೇ ಎಲ್ಲರಿಗಿಂತ ಮೇಲು. ನಡುವೆ ಮೂರು ಸೀಸನ್ ಗೆರೆಯನ್ನು ಹತ್ತಿರ ತಂದಿದ್ದರು ಎಂಬುದನ್ನೂ ಹೇಳಿಬಿಡಬೇಕು. ಆದರೆ ಅದಕ್ಕೂ ಮೊದಲು, ದೂರದ ಗೆರೆಯಿಂದಲೇ, 1989-90ರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಡೆತಗಳನ್ನು ಬುಟ್ಟಿಗೆ ಹಾಕಿದ್ದ. ಗುಟ್ಟು ಇರುವುದು ಕಾಲಿನಲ್ಲಿ. ಚೆಂಡು ಬಂದ ಮೇಲೆ ನಿಲ್ಲಲು ಜಾಗ ನೋಡಿಕೊಳ್ಳುವವನು ಆಗಲೇ ತಡ ಮಾಡಿರುತ್ತಾನೆ. ಕೆರ್‌ನ ಹಳೆಯ ಪಂದ್ಯಗಳಲ್ಲಿ ಗಮನಿಸಿ: ಚೆಂಡು ಇನ್ನೂ ಬೇರೆಯವನ ಕೈಯಲ್ಲಿದೆ, ಇವನ ಮಂಡಿ ಆಗಲೇ ಬಾಗಿದೆ, ಪಾದಗಳು ಬುಟ್ಟಿಯ ಕಡೆ ತಿರುಗಿವೆ, ಎರಡೂ ಅಂಗೈ ಎದೆಯ ಮುಂದೆ ತೆರೆದು ಬೆರಳುಗಳು ಅಗಲವಾಗಿವೆ. ಚೆಂಡು ಬಂತೆಂದರೆ ಹಾರುವುದೊಂದೇ ಬಾಕಿ. ಹತ್ತು ಸಲ ಹೀಗೆ ಸಿದ್ಧವಾಗಿ ನಿಂತರೆ ಚೆಂಡು ಬರುವುದು ಒಂದು ಸಲ. ಉಳಿದ ಒಂಬತ್ತು ಸಲದ ಸಿದ್ಧತೆಯನ್ನು ಯಾರೂ ಲೆಕ್ಕ ಬರೆದಿಡುವುದಿಲ್ಲ. 15 ವರ್ಷದಲ್ಲಿ ಅವನು ಹೊಡೆದ ತ್ರೀ-ಪಾಯಿಂಟರ್ ಒಟ್ಟು 726. ಮುಂದೆ ಅವನ ಶಿಷ್ಯ ಸ್ಟೆಫ್ ಕರಿ 2015-16ರ ಒಂದೇ ಸೀಸನ್‌ನಲ್ಲಿ 402 ಹೊಡೆದ.

ಬುಲ್ಸ್ ದಿನಗಳಿಗೆ ಬರೋಣ. 1995ರ ಅಭ್ಯಾಸ ಶಿಬಿರ. ಮೈಕಲ್ ಜೋರ್ಡನ್ ಬೇಸ್‌ಬಾಲ್ ಬಿಟ್ಟು ಮರಳಿದ್ದ, ಹಿಂದಿನ ಸೀಸನ್ನಿನ ಸೋಲು ಒಳಗೇ ಕುದಿಯುತ್ತಿತ್ತು. ಜಾಕ್ಸನ್ ಫೋನಿಗೆಂದು ಹೊರಗೆ ಹೋಗಿದ್ದಾಗ ಜೋರ್ಡನ್ ಕೆರ್‌ನನ್ನು ಒರಟಾಗಿ ಕೆಣಕಿದ, ಕೆರ್ ಎದೆಗೆ ತಳ್ಳಿದ, ಜೋರ್ಡನ್ ಕಣ್ಣಿಗೆ ಗುದ್ದಿದ. ಜಗತ್ತಿನ ಅತಿ ದೊಡ್ಡ ಆಟಗಾರನ ಎದೆಗೆ ಕೈ ಹಾಕಿದವನು ತಂಡದಲ್ಲಿ ಉಳಿಯಲಾರ ಎಂದುಕೊಂಡಿದ್ದರೆ ಅದು ಆಗಲಿಲ್ಲ. ಜೋರ್ಡನ್ ಅವತ್ತೇ ಫೋನ್ ಮಾಡಿ ಕ್ಷಮೆ ಕೇಳಿದ. ಅಲ್ಲಿಂದಾಚೆ ಕೆರ್‌ನನ್ನು ನಂಬತೊಡಗಿದ. ಇಬ್ಬರ ತಂದೆಯರೂ ಗುಂಡಿಗೆ ಬಲಿಯಾದವರು, ಜೋರ್ಡನ್‌ನ ತಂದೆ 1993ರಲ್ಲಿ. ವರ್ಷಗಟ್ಟಲೆ ಒಟ್ಟಿಗೆ ಆಡಿದರೂ ಇಬ್ಬರೂ ಆ ಮಾತು ಎತ್ತಲೇ ಇಲ್ಲವಂತೆ.

1997ರ ಜೂನ್ 13, ಶಿಕಾಗೋ. ನಮ್ಮಲ್ಲಿ ಆಗಲೇ 14ರ ಬೆಳಗಾಗಿತ್ತು. ಯೂಟಾ ಜಾಜ್ ವಿರುದ್ಧ ಫೈನಲ್‌ನ ಆರನೆಯ ಪಂದ್ಯ, ಎರಡೂ ತಂಡ 86ರಲ್ಲಿ ಸಮ, ಉಳಿದಿರುವುದು ಕೆಲವೇ ಸೆಕೆಂಡು. ಟೈಮ್‌ಔಟ್‌ನಲ್ಲಿ ಜೋರ್ಡನ್ ಕೆರ್‌ಗೆ, ಯೂಟಾದ ಸ್ಟಾಕ್ಟನ್ ನನ್ನ ಮೇಲೆ ಬರುತ್ತಾನೆ, ತಯಾರಿರು ಎಂದ. ತಯಾರಿದ್ದೇನೆ ಎಂದ ಇವನು. ಹಾಗೇ ಆಯಿತು. ಇಬ್ಬರು ಮುತ್ತಿದಾಗ ಜೋರ್ಡನ್ ಚೆಂಡನ್ನು ಕೆರ್‌ಗೆ ಎಸೆದ, ಕೆರ್ ನಿಂತ ನಿಲುವಿನಲ್ಲೇ ಹಾರಿ ಹೊಡೆದ. ಬುಲ್ಸ್ ಗೆದ್ದಿತು. ಆ ಹೊಡೆತವನ್ನು ನೂರು ಸಲ ನೋಡಿದವರು ಟೈಮ್‌ಔಟ್‌ನ ದೃಶ್ಯವನ್ನೂ ಒಮ್ಮೆ ನೋಡಬೇಕು. ಕೆರ್ ಮುಖದಲ್ಲಿ ಅಚ್ಚರಿಯಿಲ್ಲ, ಭಯವಿಲ್ಲ. ತನ್ನನ್ನು ಕೇಳುವ ದಿನ ಬಂದೇ ಬರುತ್ತದೆಂದು ಗೊತ್ತಿದ್ದವನ ಮುಖ ಅದು.

ನನಗೆ ಮಾತ್ರ ಅದಕ್ಕಿಂತ ಪ್ರಿಯವಾದದ್ದು 2003ರ ಡಲ್ಲಾಸ್. ಕೆರ್‌ಗೆ ಆಗ 37 ವರ್ಷ, ಸ್ಯಾನ್ ಆಂಟೋನಿಯೋ ಸ್ಪರ್ಸ್‌ನ ಬೆಂಚಿನ ಮೂಲೆಯಲ್ಲಿ ಕೂತವನು. ವಾರಗಟ್ಟಲೆ ಸರಿಯಾಗಿ ಅಂಗಳ ಕಂಡಿರಲಿಲ್ಲ. ಅವತ್ತು ತಂಡದ ಟೋನಿ ಪಾರ್ಕರ್‌ಗೆ ಹೊಟ್ಟೆ ಕೆಟ್ಟಿತ್ತು, ತಂಡ ಹಿಂದೆ ಬಿದ್ದಿತ್ತು. ಕೋಚ್ ಗ್ರೆಗ್ ಪೊಪೊವಿಚ್ ಇವನನ್ನು ಕಳುಹಿಸಿದ. ಒಂದಾದ ಮೇಲೊಂದು ನಾಲ್ಕು ತ್ರೀ-ಪಾಯಿಂಟರ್ ಹೊಡೆದ, ನಾಲ್ಕೂ ಬುಟ್ಟಿಗೆ. ಸ್ಪರ್ಸ್ ಆ ಪಂದ್ಯ ಗೆದ್ದು ಫೈನಲ್ ತಲುಪಿ ಪಟ್ಟವನ್ನೂ ಗೆದ್ದಿತು, ಕೆರ್ ನಿವೃತ್ತನಾದ. ವಾರಗಟ್ಟಲೆ ಆಡದವನು ಹಾಗೆ ಹೊಡೆಯಬೇಕಾದರೆ ಆ ವಾರಗಳಲ್ಲಿ ಖಾಲಿ ಅಂಗಳದಲ್ಲಿ, ಎಲ್ಲರೂ ಮನೆಗೆ ಹೋದ ಮೇಲೆ, ಏನು ಮಾಡುತ್ತಿದ್ದನೆಂದು ಯೋಚಿಸಿ. ನಮ್ಮ ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರ ನೀರಿನ ಬಾಟಲಿ ಹೊತ್ತುಕೊಂಡೇ ದಿನಾ ನೆಟ್ಸ್‌ನಲ್ಲಿ ಬೆವರು ಸುರಿಸುವ ಹಾಗೆ.

ಆಮೇಲೆ ಟಿವಿಯಲ್ಲಿ ವೀಕ್ಷಕ ವಿವರಣೆ, 2007ರಿಂದ 2010ರವರೆಗೆ ಫೀನಿಕ್ಸ್ ಸನ್ಸ್‌ನ ಜನರಲ್ ಮ್ಯಾನೇಜರ್ ಕೆಲಸ. ಶಕೀಲ್ ಓನೀಲ್‌ನನ್ನು ಕರೆತಂದ ವ್ಯವಹಾರ ಫಲ ಕೊಡಲಿಲ್ಲ. ಮತ್ತೆ ಟಿವಿಗೆ ಮರಳಿದ. ಆ ವರ್ಷಗಳಲ್ಲಿ ಕೋಚ್ ಆದರೆ ಏನೇನು ಮಾಡಬೇಕೆಂದು ಟಿಪ್ಪಣಿ ಬರೆದಿಡುತ್ತಿದ್ದ. 2014ರಲ್ಲಿ ಗುರು ಜಾಕ್ಸನ್ ನಿಕ್ಸ್‌ನ ಅಧ್ಯಕ್ಷನಾಗಿ, ಬಾ ಎಂದು ಕರೆದ. ಹೋಗುವುದು ಹೆಚ್ಚುಕಡಿಮೆ ನಿಶ್ಚಯವೇ ಆಗಿತ್ತು. ಕೊನೆಗೆ ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು. ಕೋಚ್ ಆಗಿ ಒಂದು ಪಂದ್ಯವನ್ನೂ ನಡೆಸದವನಿಗೆ ಅದು ಮೊದಲ ಕೆಲಸ. ಆ ಬೇಸಿಗೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕೋಚ್ ಪೀಟ್ ಕ್ಯಾರಲ್‌ನನ್ನು ನೋಡಲು ಸಿಯಾಟಲ್‌ಗೆ ಹೋದ. ಯಾವ ಆಟ ಆಡಿಸುತ್ತೀ ಎಂದು ಕ್ಯಾರಲ್ ಕೇಳಲಿಲ್ಲ. ನಿನ್ನ ಅಭ್ಯಾಸದ ಅಂಗಳಕ್ಕೆ ಬಂದ ಹುಡುಗನಿಗೆ ದಿನಾ ಏನು ಅನ್ನಿಸಬೇಕು ಎಂದು ಕೇಳಿದ. ಕೆರ್ ತನ್ನ ಉತ್ತರಗಳಲ್ಲಿ ಮೊದಲು ಇಟ್ಟುಕೊಂಡದ್ದು ಸಂತೋಷವನ್ನು. ವಾರಿಯರ್ಸ್‌ನ ಅಭ್ಯಾಸಕ್ಕೆ ಹಾಡು ಬಂತು, ನಗು ಬಂತು.

ಪಾಸುಗಳೂ ಬಂದವು. ಹಿಂದಿನ ವರ್ಷ ಲೀಗ್‌ನಲ್ಲೇ ಅತಿ ಕಡಿಮೆ ಪಾಸ್ ಮಾಡಿದ ತಂಡ ಅದು. ಪಂದ್ಯಕ್ಕೆ 300 ಪಾಸ್ ಆಗಬೇಕೆಂದು ಕೆರ್ ಗುರಿ ಇಟ್ಟ. ಯಾಕೆಂದು ಬೆಂಚು ಕಾದವನಿಗೆ ಚೆನ್ನಾಗಿ ಗೊತ್ತು: ಚೆಂಡು ಐವರ ಕೈಯಲ್ಲೂ ಓಡಾಡಿದರೆ ಐವರೂ ಎಚ್ಚರವಾಗಿರುತ್ತಾರೆ. ಒಬ್ಬನ ಕೈಯಲ್ಲೇ ಉಳಿದರೆ ನಾಲ್ವರು ನಿಂತು ನೋಡುವ ಪ್ರೇಕ್ಷಕರಾಗುತ್ತಾರೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಬೇರೆಯಿತ್ತು. ಆಂದ್ರೆ ಇಗ್ವೊಡಾಲಾ ಹತ್ತು ವರ್ಷದ ಅನುಭವಿ, ಆಲ್‌ಸ್ಟಾರ್. ಲೀಗ್‌ನಲ್ಲಿ ಆಡಿದ ಒಂದೊಂದು ಪಂದ್ಯವನ್ನೂ ಮೊದಲ ಐವರಲ್ಲಿ ಒಬ್ಬನಾಗಿಯೇ ಆಡಿದವನು. ಅವನನ್ನು ಬೆಂಚಿನಿಂದ ಬಾ ಎಂದು ಕೇಳಬೇಕಿತ್ತು. ಈ ಮಾತನ್ನು ದೊಡ್ಡ ಆಟಗಾರನಾಗಿದ್ದ ಕೋಚ್ ಹೇಳಿದರೆ ಶಿಕ್ಷೆಯಂತೆ ಕೇಳಿಸುತ್ತದೆ. 880 ಸಲ ತಾನೇ ಅಲ್ಲಿಂದ ಎದ್ದು ಹೋದವನು ಹೇಳಿದರೆ ಕೆಲಸ ಒಪ್ಪಿಸಿದಂತೆ ಕೇಳಿಸುತ್ತದೆ. ಇಗ್ವೊಡಾಲಾಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದ. ತಂಡ 67 ಪಂದ್ಯ ಗೆದ್ದು 2015ರ ಫೈನಲ್ ತಲುಪಿತು. ಅಲ್ಲಿ ಕ್ಲೀವ್‌ಲ್ಯಾಂಡ್ ಎದುರು 2-1ರಿಂದ ಹಿಂದೆ ಬಿತ್ತು. ಆಗ ತಂಡದ ಸಿಬ್ಬಂದಿಯಲ್ಲಿದ್ದ ನಿಕ್ ಯುರೆನ್ ಎಂಬ 28 ವರ್ಷದ ತರುಣ, ಹಿಂದಿನ ವರ್ಷದ ಫೈನಲ್‌ನ ವಿಡಿಯೋ ನೋಡುತ್ತ ಕೂತು, ಎತ್ತರದ ಆಟಗಾರ ಬೋಗಟ್‌ನನ್ನು ಕೂರಿಸಿ ಇಗ್ವೊಡಾಲಾನನ್ನು ಮೊದಲಿಂದಲೇ ಆಡಿಸಿದರೆ ಹೇಗೆ ಎಂದು ಯೋಚಿಸಿದ. ಅಪರಾತ್ರಿಯಲ್ಲಿ ಕೆರ್‌ಗೆ ಸಂದೇಶ ಹೋಯಿತು. ಕೆರ್ ಹಾಗೇ ಮಾಡಿದ. ವಾರಿಯರ್ಸ್ ಮುಂದಿನ ಮೂರೂ ಪಂದ್ಯ ಗೆದ್ದಿತು, ಇಗ್ವೊಡಾಲಾ ಫೈನಲ್‌ನ ಶ್ರೇಷ್ಠ ಆಟಗಾರನಾದ. ಪಂದ್ಯ ಮುಗಿದ ಮೇಲೆ ಪತ್ರಕರ್ತರು ಕೆರ್‌ನ ಜಾಣತನ ಹೊಗಳಲು ಹೊರಟರೆ, ಅದು ನನ್ನ ಯೋಚನೆಯಲ್ಲ, ನಿಕ್‌ನದು ಎಂದ. ಆ ಹೆಸರು ನಮಗೆ ಗೊತ್ತಿರುವುದೇ ಅದರಿಂದ.

ಕೋಚ್ ತಾನೇ ಬೆಂಚಿನಿಂದಲೂ ಆಚೆ ಕೂರಬೇಕಾದ ಕಾಲವೂ ಬಂತು. 2015ರ ಬೇಸಿಗೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಬೆನ್ನುಹುರಿಯ ಸುತ್ತಲಿನ ದ್ರವ ಸೋರತೊಡಗಿ, ಬಿಡದ ತಲೆನೋವು ಹಿಡಿದು, ಮುಂದಿನ ಸೀಸನ್‌ನ ಮೊದಲ 43 ಪಂದ್ಯಗಳಿಗೆ ಬರಲಾಗಲಿಲ್ಲ. ಸಹಾಯಕ ಲ್ಯೂಕ್ ವಾಲ್ಟನ್ ತಂಡ ನಡೆಸಿ 39 ಗೆದ್ದ. ನಿಯಮದ ಪ್ರಕಾರ ಆ ಗೆಲುವುಗಳು ಕೆರ್‌ನ ಹೆಸರಿಗೇ ಹೋದವು. ನ್ಯಾಯವಲ್ಲದ ನಿಯಮ ಅದು, ಕೆರ್ ಕೂಡ ಹಾಗೇ ಹೇಳಿದ್ದಾನೆ. ಆ ವರ್ಷ 73 ಗೆದ್ದು ದಾಖಲೆ ಮಾಡಿದ ತಂಡ ಫೈನಲ್‌ನಲ್ಲಿ 3-1ರಿಂದ ಮುಂದಿದ್ದೂ ಸೋತಿತು.

2018ರ ಫೆಬ್ರವರಿಯ ಒಂದು ಪಂದ್ಯದ ಬಗ್ಗೆ ಹೇಳದೆ ಇರಲಾರೆ. ಎರಡು ಪಟ್ಟ ಗೆದ್ದ ತಂಡಕ್ಕೆ ಕೋಚ್‌ನ ದನಿ ಕೇಳಿ ಕೇಳಿ ಸಾಕಾಗಿತ್ತು. ಫೀನಿಕ್ಸ್ ವಿರುದ್ಧದ ಪಂದ್ಯದಲ್ಲಿ ಕೆರ್ ಟೈಮ್‌ಔಟ್‌ನ ಫಲಕವನ್ನು ಆಟಗಾರರ ಕೈಗೇ ಕೊಟ್ಟ. ಇಗ್ವೊಡಾಲಾ ಮಂಡಿಯೂರಿ ಗೆರೆ ಎಳೆದು ಆಟ ವಿವರಿಸಿದ, ಡ್ರೇಮಂಡ್ ಗ್ರೀನ್ ವಿವರಿಸಿದ, ಕೆರ್ ಹಿಂದೆ ಕೈಕಟ್ಟಿ ನಿಂತ. 129-83ರಿಂದ ಗೆದ್ದರು. ಎದುರು ತಂಡಕ್ಕೆ ಅವಮಾನ ಎಂದು ಕೆಲವರು ಆಕ್ಷೇಪಿಸಿದರು. ಈ ತಂಡ ಆಟಗಾರರದು, ನನ್ನದಲ್ಲ ಎಂದ ಕೆರ್. ಆ ಮಾತನ್ನು ಅವನು ಬಾಯಿಮಾತಿಗೆ ಆಡಲಿಲ್ಲ ಎಂಬುದಕ್ಕೆ ಆ ಫಲಕವೇ ಸಾಕ್ಷಿ.

ಹಾಗೆಂದು ಸದಾ ಶಾಂತಮೂರ್ತಿ ಎಂದುಕೊಳ್ಳಬೇಡಿ. ಬಾಲ್ಯದ ಸಿಟ್ಟು ಎಲ್ಲೂ ಹೋಗಿಲ್ಲ, ಎಷ್ಟೋ ಫಲಕಗಳನ್ನು ಗುದ್ದಿ ಒಡೆದಿದ್ದಾನೆ. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯ ಶಾಲೆಯೊಂದರಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಅದೇ ಸಂಜೆ ಡಲ್ಲಾಸ್‌ನಲ್ಲಿ ವಾರಿಯರ್ಸ್ ಪಂದ್ಯವಿತ್ತು. ಪತ್ರಿಕಾಗೋಷ್ಠಿಗೆ ಬಂದು, ಇವತ್ತು ಬ್ಯಾಸ್ಕೆಟ್‌ಬಾಲ್ ಮಾತಾಡುವುದಿಲ್ಲ ಎಂದ. ಮೇಜು ಗುದ್ದಿ, ಬಂದೂಕು ಕಾನೂನಿಗೆ ಅಡ್ಡ ನಿಂತ ಸೆನೆಟರುಗಳನ್ನು ದನಿ ನಡುಗುತ್ತ ಪ್ರಶ್ನಿಸಿ ಎದ್ದು ಹೋದ. ಆಟದವರು ಆಟವಷ್ಟೇ ನೋಡಿಕೊಳ್ಳಲಿ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೇರೂತಿನಿಂದ ಬಂದ ಆ ಮಧ್ಯರಾತ್ರಿಯ ಫೋನನ್ನು ಎತ್ತಿಕೊಂಡವನಿಗೆ ಆ ಬುದ್ಧಿಮಾತು ಹೇಳುವ ಹಕ್ಕು ಅವರಲ್ಲಿ ಯಾರಿಗೂ ಇಲ್ಲ.

ಇಷ್ಟು ಹೊಗಳಿದವನು ಒಂದು ತಕರಾರನ್ನೂ ಹೇಳಿಬಿಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೆರ್ ಅಮೆರಿಕ ತಂಡದ ಕೋಚ್. ಸರ್ಬಿಯಾ ಎದುರಿನ ಎರಡು ಪಂದ್ಯಗಳಲ್ಲಿ, ಅದರಲ್ಲೊಂದು ಸೆಮಿಫೈನಲ್, ಜೇಸನ್ ಟೇಟಮ್‌ನನ್ನು ಒಂದು ನಿಮಿಷವೂ ಆಡಿಸಲಿಲ್ಲ. ಆಗಷ್ಟೇ ಬಾಸ್ಟನ್‌ಗೆ ಪಟ್ಟ ಗೆದ್ದುಕೊಟ್ಟು ಬಂದಿದ್ದವನು ಟೇಟಮ್. ಒಲಿಂಪಿಕ್ಸ್‌ನಲ್ಲಿ ಪಂದ್ಯ 48 ನಿಮಿಷವಲ್ಲ, 40, ಎಲ್ಲರನ್ನೂ ಆಡಿಸಲು ಆಗುವುದಿಲ್ಲ ಎಂದು ಕೆರ್ ವಿವರಿಸಿದ, ತನಗೇ ಅದು ಮೂರ್ಖತನ ಅನ್ನಿಸುತ್ತಿದೆ ಎಂದೂ ಒಪ್ಪಿಕೊಂಡ. ಸೆಮಿಫೈನಲ್‌ನಲ್ಲಿ 17 ಅಂಕ ಹಿಂದೆ ಬಿದ್ದು ಗೆದ್ದರು, ಫೈನಲ್‌ನಲ್ಲಿ ಫ್ರಾನ್ಸ್ ಎದುರು ಕರಿ ಎಂಟು ತ್ರೀ-ಪಾಯಿಂಟರ್ ಹೊಡೆದ, ಚಿನ್ನ ಬಂತು. ಲೆಕ್ಕ ಸರಿಯೇ ಇತ್ತು. ಆದರೂ ಕೂತವನ ಕಾಲು ತಣ್ಣಗಾಗುವುದು ಗೊತ್ತಿದ್ದವನು ಎರಡು ನಿಮಿಷಕ್ಕಾದರೂ ಟೇಟಮ್‌ನನ್ನು ಎಬ್ಬಿಸಬೇಕಿತ್ತು ಎಂದೇ ನನ್ನ ಅನಿಸಿಕೆ. ಆ ನವೆಂಬರಿನಲ್ಲಿ ವಾರಿಯರ್ಸ್ ಬಾಸ್ಟನ್‌ಗೆ ಆಡಲು ಹೋಯಿತು. ಕೋಚ್ ಸ್ಟೀವ್ ಕೆರ್ ಎಂದು ಘೋಷಿಸಿದ ಕೂಡಲೇ ಕ್ರೀಡಾಂಗಣದ ತುಂಬ ಧಿಕ್ಕಾರದ ಕೂಗು ಎದ್ದಿತು. ಕೆರ್ ಪಂದ್ಯ ಗೆದ್ದುಕೊಂಡು ಹೋದ. ಆ ಕೂಗು ಮಾತ್ರ ನನಗೆ ಇಷ್ಟವಾಯಿತು. ಬೆಂಚಿನ ಮೇಲೆ ಕೂತವನೊಬ್ಬನ ಪರವಾಗಿ ಅಷ್ಟು ಜನ ಗಂಟಲು ಹರಿದುಕೊಂಡದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.